ಶಾಹಿನಾಳ ಹಸಿರು

ದಾವಣಗೆರೆಗೆ ಬಂದ ಮೊದಲ ಬೆಳಿಗ್ಗೆ, ಆನೆಕೊಂಡ ಬಡಾವಣೆಯ ನನ್ನ ಬಾಡಿಗೆಮನೆಯ ಒಡತಿ ನನ್ನ ಮುಂದೆ ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ ಇಟ್ಟು, "ಬಿಸಿ ಇದ್ದಾಗ್ಲೇ ತಿನ್ರಿ" ಎಂದರು. ಕುಂದಾಪುರದವಳಾದ ನನಗೆ ಮಂಡಕ್ಕಿ ಎಂದರೆ ಸಂಜೆಯ ಬಾಯಾಡಿಕೆ. ಗಂಜಿಯಿಲ್ಲದೆ ಬೆಳಗಾಗುವ ಊರೂ ಇದೆಯೆಂದು ಗೊತ್ತಿರಲಿಲ್ಲ.

ನಾನು ಬಂದದ್ದು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ. ಸ್ಪಂಜಿನಂತೆ ತೂತುತೂತಾದ ನಿಕ್ಕಲ್ ತುಂಡನ್ನು ದ್ರಾವಣದಲ್ಲಿ ಮುಳುಗಿಸಿ, ಉಕ್ಕಿನ ಡಬ್ಬಿಯಲ್ಲಿ ಬಿಗಿದು ಓವನ್ನಿನಲ್ಲಿ ಇಡುತ್ತೇವೆ. ಅದರ ಮೇಲೆ ನಿಕ್ಕಲ್ ಹೈಡ್ರಾಕ್ಸೈಡ್ ಕಣ್ಣಿಗೆ ಕಾಣದಷ್ಟು ತೆಳು ಎಸಳುಗಳಾಗಿ ಬೆಳೆಯಬೇಕು. ವಿದ್ಯುತ್ತನ್ನು ಹಿಡಿದಿಡುವುದು ಆ ಎಸಳುಗಳೇ. ನನ್ನವು ಹೊರತೆಗೆದು ತೊಳೆಯುವಾಗಲೇ ಉದುರುತ್ತಿದ್ದವು. ಪಕ್ಕದ ಮೇಜಿನ ಶಾಹಿನಾಳದು ಮಾತ್ರ ಎಳೆ ಹುಲ್ಲಿನ ಹಸಿರು. ಗೈಡ್ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು.

ಅವಳು ಹರಿಹರದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದಳು, ಅಮ್ಮ ಕಟ್ಟಿದ ಬುತ್ತಿಯೊಂದಿಗೆ. "ಯಾಕ್ರಿ, ಇನ್ನೂ ಸಹಿ ಆಗಿಲ್ಲೇನು?" ಎಂದು ಕಚೇರಿಯವರನ್ನು ಸಲಿಗೆಯಿಂದ ಗದರಿಸಿ ಕೆಲಸ ಮಾಡಿಸಿಕೊಳ್ಳುತ್ತಿದ್ದಳು. ನನ್ನ ಕುಂದಾಪುರದ ಕನ್ನಡಕ್ಕೆ ಅದೇ ಗುಮಾಸ್ತರು ನಗುತ್ತಿದ್ದರು. ಅವಳ ಊರು, ಅವಳ ಬುತ್ತಿ, ಅವಳ ಹಸಿರು, ಎಲ್ಲದಕ್ಕೂ ನನ್ನ ಹೊಟ್ಟೆ ಉರಿಯುತ್ತಿತ್ತು. ಗುಟ್ಟೇನೆಂದು ಕೇಳಲು ಮಾತ್ರ ಬಾಯಿ ಬರಲಿಲ್ಲ.

ಒಂದು ಮಧ್ಯಾಹ್ನ ಅವಳಿಲ್ಲದಾಗ ಅವಳ ನೋಟ್‌ಬುಕ್ ತೆರೆದೆ. ಅದೇ ತೂಕ, ಅದೇ ಶಾಖ, ಅದೇ ಅವಧಿ. ಹಿಂದಿನಿಂದ ಅವಳ ದನಿ ಬಂತು:

"ಅದ್ರಾಗೆ ಸಿಗಲ್ರಿ."

ನಾನು ಥಟ್ಟನೆ ನೋಟ್‌ಬುಕ್ ಮುಚ್ಚಿದೆ.

"ನೀವು ನಿಕ್ಕಲ್ ತುಂಡು ಸಂಜೆ ಆಸಿಡ್‌ನಾಗೆ ತೊಳ್ದು, ಬೆಳಿಗ್ಗೆ ದ್ರಾವಣಕ್ಕೆ ಹಾಕ್ತೀರಿ. ಅಷ್ಟೊತ್ತಿಗೆ ಗಾಳಿಗೆ ಮತ್ತೆ ಪೊರೆ ಕಟ್ಟಿರ್ತೈತೆ, ಎಸಳು ಹಿಡಿಯಲ್ಲ. ನಾನು ತೊಳ್ದ ಕೂಡ್ಲೇ ಮುಳುಗಿಸ್ತೀನಿ."

"ಗೊತ್ತಿದ್ದೂ ಹೇಳಲಿಲ್ಲ?"

"ನೀವು ನನ್ ಕೂಡ ಮಾತೇ ಆಡ್ತಿರ್ಲಿಲ್ವಲ್ರಿ!"

ಮುಂದಿನ ವಾರ ನನ್ನ ಎಸಳುಗಳು ಉದುರಲಿಲ್ಲ. ಶಾಹಿನಾ ನನ್ನನ್ನು ಹರಿಹರಕ್ಕೆ ಕರೆದೊಯ್ದಳು. ಅವಳಮ್ಮ ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತ, "ಸಾಕು ಅನ್ಬ್ಯಾಡ ಬೇಟಿ" ಎಂದರು. ಬೇಟಿ ಎಂದರೆ ಮಗಳು. ನನ್ನ ಕಣ್ಣು ತುಂಬಿತು. ಈ ಮಾತನ್ನು ಶಾಹಿನಾ ದಿನವೂ ಕೇಳುತ್ತಾಳಲ್ಲ ಎಂಬ ಕಿಚ್ಚೂ ಅದರಲ್ಲಿತ್ತು.

ರಜೆಗೆ ಊರಿಗೆ ಹೋದೆ. ಎರಡನೇ ದಿನ ಅಮ್ಮನ ಕೈಯ ಮೀನುಸಾರು ಕಲಸಿಕೊಳ್ಳುತ್ತಿದ್ದಾಗ ಶಾಹಿನಾ ಕಳಿಸಿದ ಫೋಟೊ ಬಂತು. ನಿಕ್ಕಲ್ ಜೊತೆ ಕೋಬಾಲ್ಟ್ ಸೇರಿಸಿ ಹೊಸ ಎಸಳುಗಳನ್ನು ಬೆಳೆಸಿದ್ದಳು. ನಾನಿಲ್ಲದಾಗ! ತುತ್ತನ್ನು ತಟ್ಟೆಯಲ್ಲೇ ಬಿಟ್ಟೆ. ದಾವಣಗೆರೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

"ನಿನ್ನೆ ಬಂದದ್ದಲ್ದಾ?" ಎಂದರು ಅಮ್ಮ. "ಅಲ್ಲಿ ನಿಂಗೆ ಯಾರಿದ್ರ್?"

ಶಾಹಿನಾಳ ಹೆಸರು ಬಾಯಿಗೆ ಬಂತು. ತನಗಿಂತ ಅವಳೇ ಹೆಚ್ಚಾದಳೇ ಎಂದು ಅಮ್ಮನಿಗೆ ನೋವಾದೀತು, ಹೇಳಲಿಲ್ಲ.