ಬೆಂಕಿ ಬಾಗಿಲಿನ ಚಿಲಕ

ನಮ್ಮಣ್ಣನ ಬಾಯಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಧಾರವಾಡದಿಂದ ಬಂದ ನಾವು ಮಡಗಾಂವದ ಹತ್ತಿರದ ಕುಡಚಡೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೆವು. ಹಿಂದಿನ ಶೆಡ್ಡಿನಲ್ಲಿ ಅಣ್ಣ ಹೋಟೆಲುಗಳಿಗೆ ಬೆಂಕಿ ತಡೆಯುವ ಉಕ್ಕಿನ ಬಾಗಿಲು ಮಾಡುತ್ತಿದ್ದ. ಅಂಥ ಬಾಗಿಲಿನ ಚಿಲಕದಲ್ಲಿ ಸ್ಪ್ರಿಂಗ್ ಇರುತ್ತದೆ. ಕಾವಿಗೆ ಅದು ಸೋತರೆ ಬಾಗಿಲು ತೆರೆದುಕೊಂಡು ಹೊಗೆ ಒಳಗೆ ನುಗ್ಗುತ್ತದೆ. ಅಣ್ಣ ಸ್ಪ್ರಿಂಗನ್ನೇ ಕಿತ್ತುಹಾಕಿ, ತನ್ನ ಭಾರಕ್ಕೆ ತಾನೇ ಬೀಳುವ ನಾಲಿಗೆ ಕೂಡಿಸಿದ. ಬಾಗಿಲು ಎಷ್ಟೇ ಜೋರಾಗಿ ಬಡಿದರೂ ಅದು ಪುಟಿಯದಂತೆ ಮಾಡುವಷ್ಟರಲ್ಲಿ ಅವನ ಕೂದಲು ನೆರೆಯಿತು.

ಪೇಟೆಂಟಿಗೆ ಅರ್ಜಿ ಹಾಕಿದೆವು. ದೊಡ್ಡ ಕಂಪನಿಯೊಂದು ತಕರಾರು ತೆಗೆಯಿತು. ದನದ ಕೊಟ್ಟಿಗೆಯ ಅಗಳಿಯೂ ಭಾರಕ್ಕೇ ಬೀಳುತ್ತದೆ, ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುವ ಸಂಗತಿಗೆ ಪೇಟೆಂಟ್ ಯಾಕೆ ಎಂದು ಕೇಳಿತು. ಹೊಳೆಯುವುದಾದರೆ ಇಷ್ಟು ವರ್ಷ ನೀವೇಕೆ ಮಾಡಲಿಲ್ಲ ಎಂದು ನಮ್ಮ ವಕೀಲರು ಬರೆದರು. ಇಡೀ ಜಗಳ ನಿಂತಿದ್ದು ಇದೊಂದರ ಮೇಲೆ.

ಆದರೆ ಅಣ್ಣನದೊಂದು ಚಾಳಿ. ನಮ್ಮ ಮನೆಯದೇ ಚಾಳಿ ಅನ್ನಿ. ಯಾರಾದರೂ ಕೆಲಸ ಹೊಗಳಿದರೆ "ಇದರಾಗ ಏನೈತ್ರಿ, ಯಾರರೆ ಮಾಡ್ತಾರ" ಅನ್ನಬೇಕು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಅಪ್ಪ ಕಲಿಸಿದ್ದು. ಸುಲಭ ಎಂದು ಮಾತ್ರ ಹೇಳಬೇಡಿ ಎಂದು ವಕೀಲರು ಕೈಮುಗಿದು ಬೇಡಿಕೊಂಡಿದ್ದರು. ಅಣ್ಣ ಹೂಂಗುಟ್ಟಿದ್ದ.

ಮುಂಬೈಯ ವಿಚಾರಣೆಯಲ್ಲಿ ಅಧಿಕಾರಿ ಚಿಲಕವನ್ನು ಎತ್ತಿ ಬೀಳಿಸಿ ನೋಡಿದರು. ಮುಖ ಅರಳಿತು. "ಬಹುತ್ ಅಚ್ಛಾ ಬನಾಯಾ" ಎಂದರು. ಅಣ್ಣ ನಾಚಿ, ತಲೆ ತಗ್ಗಿಸಿ, "ಇಸ್ ಮೇ ಕ್ಯಾ ಹೈ ಸಾಬ್, ಕೋಯೀ ಭೀ ಬನಾಯೇಗಾ" ಎಂದುಬಿಟ್ಟ. ಇದನ್ನು ಬರೆದುಕೊಳ್ಳಿ ಎಂದು ಎದುರಿನ ವಕೀಲರು ಎದ್ದು ನಿಂತರು. ಕೊಡ ತುಳುಕಲಿಲ್ಲ, ಬೋರಲೇ ಬಿತ್ತು.

"ಹಂಗ್ಯಾಕ ಅಂದಿ?" ಎಂದು ರೈಲಿನಲ್ಲಿ ಚೀರಿದೆ.

"ಮತ್ತೇನನ್ಲಿ? ನನ್ನಷ್ಟ ಶಾಣ್ಯಾ ಯಾರೂ ಇಲ್ಲ ಅನ್ಲೇನು?"

ಅರ್ಜಿ ಬಿದ್ದುಹೋಯಿತು. ಅದೊಂದೇ ಕಾರಣವಲ್ಲ ಎಂದು ವಕೀಲರು ಸಮಾಧಾನ ಹೇಳಿದರು. ಆದೇಶದಲ್ಲಿ ಆ ಮಾತಂತೂ ಇತ್ತು.

ಕೆಲಕಾಲದ ಮೇಲೆ ಮಡಗಾಂವದ ಹೋಟೆಲೊಂದರಲ್ಲಿ ಅದೇ ಕಂಪನಿಯ ಬಾಗಿಲು ಕೂಡಿಸುವ ಕೆಲಸ ನಮಗೇ ಬಂತು. ಒಳಗಿನ ಚಿಲಕ ನಮ್ಮದೇ, ಮೇಲಿನ ಹೊಳೆಯುವ ತಗಡು ಮಾತ್ರ ಅವರದು. ಕಂಪನಿಯ ಮನುಷ್ಯ ಬೆಳಗಾವಿ ಕಡೆಯವನು. "ಹೆಂಗ್ ಐತ್ರಿ ನಮ್ಮ ಹೊಸಾ ಚಿಲಕ?" ಎಂದು ಬೀಗಿದ.

ಅಣ್ಣ ಎತ್ತಿ ಬೀಳಿಸಿ ನೋಡಿದ. ಇನ್ನೊಬ್ಬರ ಕೆಲಸವನ್ನು ಮನಸಾರೆ ಹೊಗಳಬೇಕು, ಅದೂ ಅಪ್ಪ ಕಲಿಸಿದ್ದೇ.

"ಭಾಳ ಚಲೋ ಮಾಡೀರಿ," ಎಂದ. "ಇದು ಎಲ್ಲಾರಿಗೂ ಹೊಳಿಯೂದಲ್ರಿ."

ನಾನು ಸ್ಕ್ರೂಡ್ರೈವರ್ ಎಸೆದು ಹೊರಗೆ ಹೋದೆ. ಮುಂಬೈಯಲ್ಲಿ ಅವನ ಬಾಯಿಂದ ನಮಗೆ ಬೇಕಾಗಿದ್ದದ್ದು ಈ ಒಂದು ಮಾತು.