ಹಸಿರಿನ ಬೆನ್ನು ಹತ್ತಿ ಜೇವರ್ಗಿಯವರೆಗೆ

ಗುಲ್ಬರ್ಗಾದಿಂದ ಆಳಂದಕ್ಕೆ ಹೋಗುವ ಮೊದಲ ಬಸ್ಸು ಹತ್ತಿದಾಗ, ಸೀರೆ ಖರೀದಿಗೆ ಸೊಲ್ಲಾಪುರಕ್ಕೆ ಹೊರಟಿದ್ದೇನೆಂದು ಮನೆಯಲ್ಲಿ ಹೇಳಿದ್ದೆ. ಮಲ್ಲಣ್ಣನಿಗೂ ಅದನ್ನೇ ಹೇಳಿ ಕಳಿಸಿದ್ದೆ. ಎಂಬತ್ತರ ದಶಕದ ಆರಂಭದ ಮಾತು. ದೀಪಾವಳಿ ಕಳೆದು ಚಳಿ ಕಚ್ಚತೊಡಗಿತ್ತು, ಬಸ್ಸಿನ ಕಿಟಕಿಗಳಿಗೆ ಗಾಜಿರಲಿಲ್ಲ. ಟಿಕೆಟ್ಟು ನಾಲ್ಕೂವರೆ ರೂಪಾಯಿ. ಪಕ್ಕದಲ್ಲಿ ಕುಳಿತ ರುಮಾಲಿನ ಮನುಷ್ಯ, "ಯಾವ ಊರಿಗ್ರಿ?" ಎಂದ. ಬಾಯಿಪಾಠವಾಗಿದ್ದ ಸೊಲ್ಲಾಪುರವೇ ಹೊರಬಿತ್ತು.

"ಈ ಬಸ್ ಆಳಂದದ ಮುಂದ ಹೋಗಂಗಿಲ್ರಿ," ಎಂದ.

"ಗೊತ್ತದರಿ," ಎಂದು ಕಿಟಕಿಯ ಕಡೆ ತಿರುಗಿದೆ. ಅಷ್ಟೊಂದು ವಿಚಾರಿಸುವವನು ಮಲ್ಲಣ್ಣನಿಗೆ ಪರಿಚಯದವನೇ ಇರಬೇಕೆಂದು ಅನುಮಾನ ಬಂತು. ಆಳಂದದವರೆಗೂ ಅವನ ಕಡೆ ನೋಡಲಿಲ್ಲ.

ಮಲ್ಲಣ್ಣ ನನ್ನ ಮೂವತ್ತು ವರ್ಷದ ಗೆಳೆಯ. ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ನನ್ನದು ಬಟ್ಟೆ ಅಂಗಡಿ. ಇಬ್ಬರೂ ಸೇರಿ ಗುಜರಿಯವನೊಬ್ಬನಿಂದ ಹಳೆಯ ಕಾರೊಂದನ್ನು ಕೊಂಡು ನಮ್ಮ ಮನೆಯ ಹಿತ್ತಲ ಶೆಡ್ಡಿನಲ್ಲಿ ರಿಪೇರಿಗೆ ಕೂತಿದ್ದೆವು. ಕಾರಿನ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಓದುಗರಲ್ಲಿ ಹಳೆಯ ಕಾರುಗಳ ಹಿಂದೆ ಬಿದ್ದವರು ಇರಬಹುದು, ಅವರ ಕೈಗೆ ಸುಳಿವು ಕೊಡಲು ನನಗೆ ಇಷ್ಟವಿಲ್ಲ. ಇಂಗ್ಲೆಂಡಿನಲ್ಲಿ ತಯಾರಾದದ್ದು, ಯುದ್ಧಕ್ಕೆ ಮೊದಲಿನದು, ನಾಲ್ಕು ಜನ ಒತ್ತಿಕೊಂಡು ಕೂರಬಹುದು. ಇಷ್ಟು ಸಾಕು.

ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಅದನ್ನು ಮಾಡಿ ನಿಲ್ಲಿಸಬೇಕೆಂಬುದು ನನ್ನ ಹಟ. ಸೀಟಿಗೆ ಚರ್ಮದ ಬದಲು ರೆಕ್ಸಿನ್ ಹಾಕೋಣವೆಂದದ್ದಕ್ಕೆ ಮಲ್ಲಣ್ಣನ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದೆ. ಆದರೆ ನಿಜವಾದ ಜಗಳ ಬಣ್ಣದ್ದು. ಉಜ್ಜುತ್ತಾ ಹೋದಾಗ ಬಾಗಿಲುಗಳ ಮೇಲೆ ಹಸಿರು ಸಿಕ್ಕಿತು, ಮಡ್ಗಾರ್ಡುಗಳ ಮೇಲೆ ಕೆಂಪು. ಎರಡರ ಕೆಳಗೂ ಕಪ್ಪಿತ್ತು. ಅದು ತುಕ್ಕು ಹಿಡಿಯದಿರಲು ಬಳಿದ ಅಸ್ತರಿ ಬಣ್ಣವೆಂದು ಇಬ್ಬರೂ ಒಪ್ಪಿದೆವು. ಆಮೇಲೆ ಒಂದರಲ್ಲೂ ಒಪ್ಪಲಿಲ್ಲ. ಕಾರ್ಖಾನೆಯ ಬಣ್ಣ ಕೆಂಪೆಂದು ಅವನು, ಹಸಿರೆಂದು ನಾನು. ಹಗಲೆಲ್ಲಾ ಸೀರೆ ಬಿಚ್ಚಿ ತೋರಿಸುವ ನನಗೆ ಬಣ್ಣದ ವಿಷಯದಲ್ಲಿ ಬುದ್ಧಿ ಹೇಳುವವನು ಇವನ್ಯಾರು ಎಂದು ಎರಡು ವರ್ಷ ಕಾದಾಡಿದೆ.

ಹೀಗಿದ್ದವನು ಆಳಂದದಲ್ಲಿ ತಂಗಿಯ ಮನೆಯ ನಿಶ್ಚಿತಾರ್ಥಕ್ಕೆಂದು ಹೋಗಿ ಮೂರು ದಿನ ಬಿಟ್ಟು ಬಂದ. ಬಂದವನೇ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಹಸಿರೇ ಇರ್ಲಿ ಬಿಡು," ಎಂದ. ಗೆದ್ದೆನೆಂದು ನಾನು ಕುಣಿಯಬೇಕಿತ್ತು. ಆ ರಾತ್ರಿ ನಿದ್ದೆಯೇ ಬರಲಿಲ್ಲ. ಮಲ್ಲಣ್ಣ ಸುಮ್ಮನೆ ಸೋಲುವ ಪೈಕಿಯಲ್ಲ. ಬರುವ ವರ್ಷ ಹೈದರಾಬಾದಿನ ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯಬೇಕೆಂದಿದ್ದೆವು. ಅಲ್ಲಿ ಪರೀಕ್ಷಕರು ಟಾರ್ಚು ಹಿಡಿದು ಕಾರಿನ ಕೆಳಗೆ ತೂರಿ, ಒಂದು ಸ್ಕ್ರೂ ಬೇರೆಯಾದರೂ ಪಕ್ಕಕ್ಕೆ ಸರಿಸುತ್ತಾರೆ. ಅವರೆದುರು ನನ್ನನ್ನು ಹಸಿರು ಕಾರಿನ ಜೊತೆ ನಿಲ್ಲಿಸಿ ಮಾನ ಕಳೆಯಲು ಇವನು ಹೂಡಿದ ಆಟವೇ ಇದು? ಬಣ್ಣ ಹಚ್ಚುವುದು ಬರುವ ವಾರವೆಂದು ನಿಗದಿಯಾಗಿತ್ತು. ಅಷ್ಟರಲ್ಲಿ ಅವನ ಮೋಸ ಬಯಲಾದರೆ ಕಾರಿನಲ್ಲಿ ನನ್ನ ಪಾಲು ಬಿಟ್ಟುಕೊಟ್ಟು, ಇನ್ನು ಈ ಜನ್ಮದಲ್ಲಿ ಅವನ ಮುಖ ನೋಡಬಾರದೆಂದು ನಿಶ್ಚಯಿಸಿಯೇ ಹೊರಟಿದ್ದೆ.

ಆಳಂದದಲ್ಲಿ ಮಲ್ಲಣ್ಣನ ತಂಗಿಯ ಗಂಡ ಈರಣ್ಣನದು ಎಣ್ಣೆ ಅಂಗಡಿ. ದಾರಿಯಲ್ಲಿ ಇಳಿದೆನೆಂದು ಹೇಳಿ, ನಿಶ್ಚಿತಾರ್ಥ ಚೆನ್ನಾಗಿ ಆಯಿತೇ ಎಂದು ಮೆಲ್ಲಗೆ ಕೇಳಿದೆ.

"ನಿಶ್ಚೇವ? ಯಾರದ್ರಿ?" ಎಂದ ಈರಣ್ಣ. "ನಮ್ಮ ಮನ್ಯಾಗ ಲಗ್ನಾ ಮಾಡೋ ಹುಡುಗೂರು ಎಲ್ಲಿ ಅದಾವ್ರಿ?"

ಸಂಶಯ ನಿಜವಾದಾಗ ಸಂತೋಷವಾಗುತ್ತದೆಂದು ಅಂದುಕೊಂಡಿದ್ದೆ. ಆಗಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಇಟ್ಟಿದ್ದರು. ಒಂದು ರೊಟ್ಟಿಯನ್ನೂ ತಿನ್ನಲು ಆಗಲಿಲ್ಲ. ಈರಣ್ಣನೇ ಮಾತು ಮುಂದುವರಿಸಿದ. ಮಲ್ಲಣ್ಣ ಒಂದು ರಾತ್ರಿ ಉಳಿದಿದ್ದನಂತೆ. ಅತನೂರ ಗೌಡರ ಕಾರು ಓಡಿಸುತ್ತಿದ್ದ ಕಾಸೀಮಸಾಬ ಎಂಬ ಡ್ರೈವರ್ ಎಲ್ಲಿದ್ದಾನೆಂದು ಕೇಳಿದ್ದನಂತೆ. ಆ ಮುದುಕ ಈಗ ಅಫಜಲಪುರದಲ್ಲಿ ಮಗಳ ಮನೆಯಲ್ಲಿದ್ದಾನೆಂದು ಈರಣ್ಣ ಹೇಳಿದ ಕೂಡಲೇ ಎದ್ದು ಹೋಗಿದ್ದನಂತೆ.

ನಮ್ಮ ಕಾರು ಅತನೂರ ಗೌಡರದೆಂಬುದು ನನಗೇ ಗೊತ್ತಿರಲಿಲ್ಲ. ಗುಜರಿಯವನು ನನಗೆ ಹೇಳದ್ದನ್ನು ಮಲ್ಲಣ್ಣನಿಗೆ ಹೇಳಿದ್ದ.

ಅಫಜಲಪುರದ ಬಸ್ಸಿಗೆ ಮಧ್ಯಾಹ್ನದವರೆಗೂ ಕಾದೆ. ರಸ್ತೆ ಹೆಸರಿಗಷ್ಟೇ ಡಾಂಬರಿನದು. ಎರಡೂ ಕಡೆ ತೊಗರಿ ಹೂವಿಗೆ ಬಂದಿತ್ತು, ಜೋಳ ಮೊಣಕಾಲೆತ್ತರ ನಿಂತಿತ್ತು. ಬಸ್ಸಿನ ತುಂಬ ಗಾಣಗಾಪುರಕ್ಕೆ ಹೊರಟ ಮರಾಠಿ ಯಾತ್ರಿಕರು. ಬೇರೆ ಹೊತ್ತಿನಲ್ಲಾದರೆ ಅವರ ಜೊತೆ ಮಾತಾಡುತ್ತಿದ್ದೆ. ಅವತ್ತು ಚೀಲ ತೊಡೆಯ ಮೇಲಿಟ್ಟುಕೊಂಡು ಗುಮ್ಮನಂತೆ ಕೂತಿದ್ದೆ. ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು.

ಕಾಸೀಮಸಾಬ ಮಗಳ ಮನೆಯ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಹುಬ್ಬುಗಳು ಕೂಡ ಬೆಳ್ಳಗಾಗಿದ್ದವು. ಬೀದರಿನವನು, ಹಳೆಯ ಕಾರಿನ ಹುಚ್ಚು ನನಗೆ ಎಂದು ಪರಿಚಯ ಹೇಳಿಕೊಂಡೆ. ಮುದುಕ ಖುಷಿಯಿಂದ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಗೌಡರ ಕಾರಿನ ಮಡ್ಗಾರ್ಡಿನ ಕೆಂಪು ಕಂಪನಿಯದೇ ಎಂದು ಕೇಳಿದ್ದೇ ತಡ, ನಗತೊಡಗಿದ.

"ಕಂಪನಿ ಎಲ್ಲಿದ್ರಿ ಸಾಹೇಬ್ರ. ಅದು ಹುರಮಂಜ ಅದ. ಕಾರ ಹುಣ್ಣಿವಿಗೆ ಎತ್ತಿಗಿ ಹಚ್ತಾರಲ್ರಿ, ಅದ. ಗೌಡ್ರು ಎತ್ತಿನ ಮೈ ತೊಳದು ಕೋಡಿಗಿ ಬಣ್ಣ ಹಚ್ಚಸೂ ಮುಂದ, ಇದೂ ನಮ್ಮ ಮನಿ ದನಾನ ಅದ, ಇದಕ್ಕ್ಯಾಕ ಬಿಟ್ರಿ ಅಂತಿದ್ರು. ಎಣ್ಯಾಗ ಕಲಸಿ ಗಾಲಿ ಮ್ಯಾಗಿನ ತಗಡಿಗಿ ನಾನ ಬಡೀತಿದ್ದೆ. ಕೊಳ್ಳಿಗಿ ಗೆಜ್ಜಿನೂ ಕಟ್ತಿದ್ವಿ."

ಎರಡು ವರ್ಷ ಮಲ್ಲಣ್ಣ ಎದೆ ತಟ್ಟಿಕೊಂಡು ಸಾಧಿಸಿದ ಇಂಗ್ಲೆಂಡಿನ ಕೆಂಪು ಎತ್ತಿನ ಬಣ್ಣವಾಗಿತ್ತು. ಇದನ್ನು ತಿಳಿದೇ ಅವನು ಸೋಲೊಪ್ಪಿದ್ದ. ಮನಸ್ಸು ಹಗುರಾಯಿತು, ಆದರೆ ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು ಮಾತ್ರ. ಇದನ್ನು ನನ್ನ ಮುಂದೆ ಹೇಳಿ ನಗಬಹುದಿತ್ತಲ್ಲ, ಮುಚ್ಚಿಟ್ಟದ್ದೇಕೆ? "ಹಾಗಾದರೆ ಹಸಿರು ಕಂಪನಿಯದು, ಹೌದಲ್ರಿ?" ಎಂದೆ.

ಮುದುಕನ ನಗು ನಿಂತಿತು. ನನ್ನ ಮುಖವನ್ನೂ ಕಾಲಿನ ಚಪ್ಪಲಿಯನ್ನೂ ನೋಡಿದ. "ನೀವು ಬೀದರದವ್ರು ಅಂದ್ರಿ?"

"ಹೌದ್ರಿ."

"ಹಸರಿಂದು ನನಗ ಗೊತ್ತಿಲ್ರಿ. ಗೌಡ್ರ ಮಗಳು ನೀಲಮ್ಮನವ್ರು ಜೇವರ್ಗ್ಯಾಗ ಅದಾರ. ಕಾರ್ ಅವ್ರ ಜೋಡಿನ ಹೋತು. ಅವ್ರಿಗೇ ಕೇಳ್ರಿ."

ಸುಳ್ಳು ಹೇಳುತ್ತಿದ್ದನೆಂಬುದು ಸ್ಪಷ್ಟ. ಸ್ವತಃ ದಿನಾ ಸುಳ್ಳು ಹೇಳುತ್ತಿದ್ದ ನನಗೆ ಅದು ಬೇಗ ತಿಳಿಯಿತು. ಆ ರಾತ್ರಿ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಉಳಿದೆ. ಅಗುಳಿ ಸಡಿಲವಿದ್ದುದರಿಂದ ಬಾಗಿಲಿಗೆ ಮಂಚ ಸರಿಸಿ ಮಲಗಿದೆ.

ಅಲ್ಲಿಂದ ಜೇವರ್ಗಿಗೆ ನೇರ ಬಸ್ಸು ಸಿಗಲಿಲ್ಲ. ಗುಲ್ಬರ್ಗಾಕ್ಕೇ ಬಂದು ಬೇರೆ ಬಸ್ಸು ಹಿಡಿಯಬೇಕಾಯಿತು. ನನ್ನ ಮನೆಯಿಂದ ಅರ್ಧ ತಾಸಿನ ಹಾದಿಯಲ್ಲಿರುವ ನಿಲ್ದಾಣದಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು, ಕಳ್ಳನಂತೆ ಕಂಬದ ಮರೆಯಲ್ಲಿ ನಿಂತಿದ್ದೆ. ಆದರೂ ನಮ್ಮ ಓಣಿಯ ಹಾಲಿನವನು ಗುರುತು ಹಿಡಿದು, "ಹಲ್ಲುಬ್ಯಾನೇನ್ರಿ ಶೆಟ್ರ?" ಎಂದು ಕೇಳಿದ. ಹೌದೆಂದೆ.

ಭೀಮಾ ನದಿಯ ಸೇತುವೆ ದಾಟಿ ಜೇವರ್ಗಿಯಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ನೀಲಮ್ಮನವರದು ಶಹಾಬಾದ ಕಲ್ಲಿನ ದೊಡ್ಡ ಮನೆ. ಅಂಗಳದಲ್ಲಿ ಮಕ್ಕಳು, ಸೊಸೆಯಂದಿರು, ಒಣಹಾಕಿದ ಮೆಣಸಿನಕಾಯಿ. ಈ ಸಲ ಕಾರಿನ ಹೆಸರೇ ಎತ್ತುವುದು ಬೇಡವೆಂದು ದಾರಿಯಲ್ಲೇ ಯೋಚಿಸಿದ್ದೆ. ಬೀದರಿನ ಬಟ್ಟೆ ವ್ಯಾಪಾರಿ, ಹಳೆಯ ಕಾಲದ ಇಳಕಲ್ ಸೀರೆಗಳ ಅಂಚು ನೋಡಿ ಹೊಸದಾಗಿ ನೇಯಿಸಬೇಕೆಂದಿದ್ದೇನೆ ಎಂದೆ. ಅರ್ಧವಾದರೂ ನಿಜವಿದ್ದುದರಿಂದ ಸುಲಭವಾಗಿ ಬಾಯಿಗೆ ಬಂತು.

ನೀಲಮ್ಮನವರಿಗೆ ಅರವತ್ತು ದಾಟಿತ್ತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. "ಬರ್ರಿ ಅಣ್ಣಾರ, ಕೂಡ್ರಿ. ಚಾ ಕುಡಿರಿ ಮೊದಲ," ಎಂದು ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಸೀರೆ ತಂದು ನನ್ನ ಮುಂದೆ ಬಿಚ್ಚಿದರು. "ಇದು ನನ್ನ ಲಗ್ನದ್ದರಿ."

ನಾನು ಅಂಚು ನೋಡಲಿಲ್ಲ. ಒಡಲು ನೋಡುತ್ತ ಹಾಗೇ ಕೂತೆ. ನಮ್ಮ ಕಾರಿನ ಬಾಗಿಲಿನ ಹಸಿರು ಅದು. ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಅಂಗಡಿಯ ಎಡಗಡೆಯ ಕಪಾಟಿನಲ್ಲಿ ಅದೇ ಹಸಿರಿನ ಸೀರೆಗಳ ಅಟ್ಟಿಯೇ ಇದೆ. ದಿನವೂ ಮುಟ್ಟುವ ಬಣ್ಣ. ಎರಡು ವರ್ಷ ಅದನ್ನು ಇಂಗ್ಲೆಂಡಿನದೆಂದು ವಾದಿಸಿದ್ದೆ.

"ಬಣ್ಣ ಭಾರಿ ಅದ ಅಲ್ರಿ?" ಎಂದರು. "ಈ ಸೀರಿಗಿ ಹೊಂದಿಸಿ ನಮ್ಮಪ್ಪ ಕಾರಿಗೇ ಬಣ್ಣ ಹಚ್ಚಿಸಿದ್ದ."

"ಕಾರಿಗೆ?"

"ಹೌದ್ರಿ. ಹೈದ್ರಾಬಾದದಿಂದ ಬಂದಾಗ ಕರ್ರಗಿತ್ತದು, ಒಳಗಾ ಹೊರಗಾ ಎಲ್ಲಾ ಕರೇದ. ಎರಡ್ಮೂರು ವರ್ಷ ಆದ ಮ್ಯಾಲ ನನ್ನ ಲಗ್ನ ಬಂತು, ನಾಕ ದಿನ ಇತ್ತು. ನಮ್ಮತ್ತಿ ಕಡಿಂದ ಹೇಳಿಕಿ ಬಂತು, ಕರೇ ಗಾಡ್ಯಾಗ ಕುಂತ ಸೊಸಿ ನಮ್ಮ ಹೊಸ್ತಲಕ ಬರಬಾರ್ದು ಅಂತ. ಶರಣರು ಇಂಥಾದ್ದೆಲ್ಲ ನಂಬಬ್ಯಾಡ್ರಿ ಅಂದಾರ ಖರೆ, ಆದ್ರ ಬೀಗರಿಗಿ ಯಾರ ಹೇಳ್ಬೇಕ್ರಿ? ನಮ್ಮಪ್ಪ ಹೆದರಿಬಿಟ್ಟ. ಬಂಡಿಗಿ ಬಣ್ಣ ಹಚ್ಚಾವನ್ನ ಕರಸಿ, ಸೀರಿ ಮುಂದ ಹಿಡದು, ಹಿಂಗ ಆಗ್ಬೇಕು ಅಂದ. ನಾ ಮಾಳಗಿ ಮ್ಯಾಲ ಕುಂತು ನೋಡಾಕತ್ತಿದ್ದೆ. ಗಾಲಿ ತಗಡಿಗಿ ಬಣ್ಣ ಸಾಲಲಿಲ್ಲ, ಅದರ ಹುರಮಂಜ ಹಂಗ ಬಿಟ್ರು."

ಕಾರ್ಖಾನೆಯ ಬಣ್ಣ ಕಪ್ಪು. ನಾವಿಬ್ಬರೂ ಉಜ್ಜಿ ಉಜ್ಜಿ ಮುಟ್ಟಿದ್ದು ಅದನ್ನೇ, ನೋಡಿದ್ದು ಬೇರೆಯದನ್ನು. ಚಹಾ ಆರಿತ್ತು. ಆ ಕಾರು ಈಗ ಎಲ್ಲಿದೆ ಎಂದು ಕೇಳಿದೆ.

"ನಮ್ಮವ್ರು ಹೋದ ಮ್ಯಾಲ ಹುಡುಗೂರು ಗುಜರಿಗಿ ಹಾಕಿದ್ರು. ಮುಗದೇ ಹೋತು ಅನಕೊಂಡಿದ್ದೆ. ಮೊನ್ನಿ ಗುಲ್ಬರ್ಗಾದವ್ರು ಮಲ್ಲಣ್ಣ ಅಂತ ಒಬ್ರು ಬಂದಿದ್ರು. ಕಾರ್ ಈಗ ಅವ್ರ ಕಡೇನ ಅದ ಅಂತ. ಹಸರ ಬಣ್ಣಾನ ಹಚ್ಚಿ ಒಂದಿನ ನಿಮ್ಮ ಬಾಗಲಿಗಿ ತಂದು ನಿಂದ್ರಸ್ತೇನಿ ಅಂದಾರ್ರಿ." ಸೀರೆ ಮಡಚುತ್ತಿದ್ದ ಕೈ ನಿಲ್ಲಿಸಿ ದನಿ ತಗ್ಗಿಸಿದರು. "ಅವ್ರಿಗೊಬ್ಬ ಪಾಲುದಾರ ಅದಾನಂತ. ಭಾಳ ಸಂಶೇದ ಮನಶ್ಯಾ ಅಂತ್ರಿ. ಕಾರ್ ಮೊದ್ಲ ಕರೇದಿತ್ತು ಅಂತ ಅಂವಗ ತಿಳದ್ರ, ಹಟಾ ಹಿಡದು ಕರೇದ ಹಚ್ತಾನ ಅಂತ. ಅಂವಾ ಹುಡಕೊಂಡ ಬಂದ್ರ ಏನೂ ಹೇಳಬ್ಯಾಡ್ರಿ ಅಂತ ಕೈ ಮುಗದು ಹೋಗ್ಯಾರ. ನೀವು ಅವ್ರನ್ನ ಬಲ್ಲಿರೇನ್ರಿ?"

"ಕೇಳಿ ಬಲ್ಲೆ," ಎಂದೆ.

ಬಿಸಿಲಿನಲ್ಲಿ ನಿಲ್ದಾಣದ ತನಕ ನಡೆಯುವಾಗ ಮೈ ಉರಿಯುವಷ್ಟು ಸಿಟ್ಟು ಬಂದಿತ್ತು. ಮಲ್ಲಣ್ಣ ನನ್ನ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಸಿಟ್ಟು ಬಂದದ್ದೇ ಅದಕ್ಕೆ. ಬಸ್ಸು ಹೊರಟ ಮೇಲೂ ತಲೆಯಲ್ಲಿ ಕಪ್ಪೇ ಓಡುತ್ತಿತ್ತು. ಹೊಳೆಯುವ ಕಪ್ಪು, ಟಾರ್ಚು ಹಿಡಿದು ಬಗ್ಗುವ ಪರೀಕ್ಷಕರು, ಅವರು ತಲೆದೂಗುವುದು. ಸೇತುವೆಯ ಮೇಲೆ ಒಂದು ಎತ್ತಿನ ಗಾಡಿಗೆ ದಾರಿ ಬಿಡಲು ಬಸ್ಸು ನಿಂತಿತು. ಕೆಳಗೆ ಭೀಮೆ ಮಳೆಗಾಲದ ರಾಡಿ ಕಳೆದು ತಿಳಿಯಾಗಿ ಹರಿಯುತ್ತಿತ್ತು. ಮಾಳಿಗೆಯ ಮೇಲೆ ಕೂತು ಕೆಳಗೆ ನೋಡುತ್ತಿದ್ದ ಹುಡುಗಿಯ ನೆನಪಾಯಿತು. ಕಾರ್ಖಾನೆಯಲ್ಲಿ ಕಪ್ಪು ಬಳಿದವನಿಗೆ ಅದು ಯಾರ ಕಾರೆಂದು ಗೊತ್ತಿರಲಿಲ್ಲ. ಹಸಿರು ಬಳಿಸಿದ ತಂದೆಗೆ ಗೊತ್ತಿತ್ತು. ಹೈದರಾಬಾದಿನವರು ಬೇಕಾದರೆ ಪಕ್ಕಕ್ಕೆ ಸರಿಸಲಿ, ಹಸಿರೇ ಹಚ್ಚುವುದೆಂದು ಅಲ್ಲೇ ತೀರ್ಮಾನಿಸಿದೆ. ಮನಸ್ಸಿಗೆ ಸಮಾಧಾನವಾಗಿ ಊರು ಬರುವವರೆಗೆ ನಿದ್ದೆ ಮಾಡಿದೆ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು. ಎಷ್ಟೋ ಸಲ ಬಡಿದ ಮೇಲೆ ಮಲ್ಲಣ್ಣ ತೆರೆದ. ಕೈಯಲ್ಲಿ ಬ್ರಶ್ಶು, ಮೊಣಕೈ ತನಕ ಹಸಿರು. ಬರುವ ವಾರವೆಂದಿದ್ದವನು ನಾನು ಊರು ಬಿಟ್ಟ ದಿನವೇ ಶುರುಮಾಡಿ, ಬಾನೆಟ್ಟು ಒಂದನ್ನು ಬಿಟ್ಟು ಎಲ್ಲ ಬಳಿದು ಮುಗಿಸಿದ್ದ.

"ಸೊಲ್ಲಾಪುರದಾಗ ಸೀರಿ ಸಿಕ್ಕವೇನು?" ಎಂದ.

"ಜೇವರ್ಗ್ಯಾಗ ಸಿಕ್ತು," ಎಂದೆ.

ಮಲ್ಲಣ್ಣ ಎರಡು ಹೆಜ್ಜೆ ಹಿಂದೆ ಸರಿದು ನನಗೂ ಕಾರಿಗೂ ನಡುವೆ ನಿಂತ. ಮೂವತ್ತು ವರ್ಷದ ಗೆಳೆಯ ನನ್ನಿಂದ ಕಾರು ಕಾಯುತ್ತ ನಿಂತದ್ದು ನೋಡಿ ಕೈಯಲ್ಲಿದ್ದ ಚೀಲ ಕೆಳಗಿಟ್ಟೆ.

"ಹಸಿರೇ ಇರ್ಲಿ," ಎಂದೆ.

"ಆಣಿ ಮಾಡು ಲೇ."

ಮಾಡಿದೆ. ನಂಬಿದವನಂತೆ ತಲೆಯಾಡಿಸಿ ನನಗೂ ಒಂದು ಬ್ರಶ್ಶು ಕೊಟ್ಟ. ಕತ್ತಲಾಗುವ ಹೊತ್ತಿಗೆ ಇಬ್ಬರೂ ಸೇರಿ ಬಾನೆಟ್ಟು ಮುಗಿಸಿದೆವು. ಕೈ ತೊಳೆದು ಹೊರಡುವಾಗ ಅವನು ಬಾಗಿಲಿಗೆ ಬೀಗ ಜಡಿದು, ಎರಡು ಸಲ ಜಗ್ಗಿ ನೋಡಿ, ಕೀಲಿಕೈಯನ್ನು ತನ್ನ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದ. ಅದು ನನ್ನ ಮನೆಯ ಶೆಡ್ಡೆಂದು ನಾನು ಹೇಳಲಿಲ್ಲ.