ಮೊದಲ ಕಿಂಡಿಯ ವೈರು

ತುಟಿಗಳ ನಡುವೆ ಸದಾ ಮೂರ್ನಾಲ್ಕು ಗುಂಡುಪಿನ್ನು. ಊಟದ ಹೊತ್ತು ಬಿಟ್ಟರೆ ಆ ಬಾಯಿ ಬರಿದಾಗಿದ್ದುದನ್ನು ನಾನು ಕಂಡಿಲ್ಲ. ಟೈಲರಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ.

ಮಧುಗಿರಿಯಲ್ಲಿ ಅವರ ಮನೆಯ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಪಶು ಆಸ್ಪತ್ರೆಯಲ್ಲಿ ಕೆಲಸ, ಒಂಟಿ ಹೆಂಗಸು. ಕೆಳಗೆ ಮದುವೆಯಾಗದ ಅಕ್ಕ ತಂಗಿಯರು. ಅಕ್ಕ ಹೊಲಿಯುವವರು, ತಂಗಿ ಮಾತಾಡುವವರು. ತಂಗಿಯನ್ನು ನಾನು ಚಿಕ್ಕಕ್ಕ ಅನ್ನುತ್ತಿದ್ದೆ. ಗಿರಾಕಿ ಹೇಳಿದ್ದನ್ನು ಚಿಕ್ಕಕ್ಕ ಕೈಸನ್ನೆಯಲ್ಲಿ ಅಕ್ಕನಿಗೆ ದಾಟಿಸುವರು, ಅಕ್ಕನ ಕೈ ಹೇಳಿದ್ದನ್ನು ಗಿರಾಕಿಗೆ ಬಾಯಲ್ಲಿ ಹೇಳುವರು. ಜೊತೆಗೆ ತಮ್ಮದೊಂದು ಒಗ್ಗರಣೆ ಹಾಕದಿದ್ದರೆ ಅವರಿಗೆ ಸಮಾಧಾನವಿಲ್ಲ.

“ಹೋದ ಸಲಕ್ಕಿಂತ ಸೊಂಟ ದಪ್ಪ ಆಗೈತೆ ಅಂತಾವ್ಳೆ ಕಣಮ್ಮ. ನಾನಲ್ಲ, ಅವ್ಳು!”

ಆಮೇಲೆ ಚಿಕ್ಕಕ್ಕನ ಕಾಲಿನ ಬಲ ಹೋಯಿತು. ಒಳಕೋಣೆಯ ಮಂಚ ಹಿಡಿದರು. ಕೈ, ಬಾಯಿ ಮಾತ್ರ ಚುರುಕಾಗಿದ್ದವು. ಮಂಚದ ಎದುರಿಗೊಂದು, ಹೊಲಿಗೆ ಮಿಷನ್ನಿನ ಪಕ್ಕಕ್ಕೊಂದು ಹಳೆಯ ಕಂಪ್ಯೂಟರ್ ಇಟ್ಟು, ದಿನವಿಡೀ ವಿಡಿಯೋದಲ್ಲಿ ಇಬ್ಬರೂ ಎದುರುಬದುರಾಗಿರುವಂತೆ ಮಾಡಿಕೊಟ್ಟೆ. ಆದರೆ ಆ ಮನೆಯ ಗೋಡೆಗಳು ದಪ್ಪ ಕಲ್ಲಿನವು. ವೈಫೈ ಒಳಕೋಣೆಯವರೆಗೆ ತಲುಪುವಷ್ಟರಲ್ಲಿ ಸುಸ್ತಾಗುತ್ತಿತ್ತು. ಕೊರಟಗೆರೆ ಕಡೆಯ ಹುಡುಗಿಯ ಮದುವೆ ರವಿಕೆ ಹಾಳಾದದ್ದು ಹೀಗೆಯೇ.

“ತೋಳು ಮೊಣಕೈಗಂಟ ಅಂತ ತೋರುಸ್ತಾ ಇದ್ದೆ. ಅರ್ಧಕ್ಕೇ ನೆಟ್ಟು ನಿಂತೋಯ್ತು. ನನ್ ಕೈ ಅಲ್ಲೇ ನಿಂತಿರೋದ್ ನೋಡಿ ಇವ್ಳು ಕತ್ರಿ ಹಾಕ್ಬುಟ್ಲು,” ಎಂದರು ಚಿಕ್ಕಕ್ಕ. ಹೇಳುತ್ತ ನಗಲು ಹೋಗಿ ಅತ್ತರು. ಮಾತಿನ ಕೆಲಸವೂ ಕೈತಪ್ಪಿದರೆ ತಾನು ಅಕ್ಕನಿಗೆ ಬರಿಯ ಹೊರೆ ಎಂಬ ಭಯ ಅವರದು.

ವೈರೇ ಎಳೆಯಬೇಕು ಎಂದು ತೀರ್ಮಾನಿಸಿದೆವು. ಒಳಕೋಣೆಗೊಂದು, ಮಿಷನ್ನಿಗೊಂದು, ಮಹಡಿಗೆ ನನಗೊಂದು. ಹಳೆಯ ರೂಟರಿನಲ್ಲಿ ವೈರು ಚುಚ್ಚಲು ಇದ್ದದ್ದು ಒಂದೇ ಕಿಂಡಿ, ಅದೂ ಸಡಿಲ. ಹೊಸ ರೂಟರೂ ಬೇಕು, ಒಂದು ವೈರನ್ನು ಹಲವಾಗಿ ಹಂಚುವ ಸ್ವಿಚ್ಚೂ ಬೇಕು. ಟೈಲರಕ್ಕನೂ ನಾನೂ ಬಸ್ಸು ಹತ್ತಿ ಶಿರಾಕ್ಕೆ ಹೋದೆವು. ರೂಟರನ್ನು ಬೇಗ ಆರಿಸಿದೆವು. ಸ್ವಿಚ್ಚಿಗೆ ಬಂದಾಗ ಅಂಗಡಿಯವರು ಕಬ್ಬಿಣದ ಡಬ್ಬಿಯೊಂದನ್ನು ಮುಂದಿಟ್ಟರು. ಟೈಲರಕ್ಕ ಅದನ್ನು ತಿರುಗಿಸಿ, ಕಿಂಡಿಗೊಂದರಂತೆ ಇರುವ ಪುಟ್ಟ ದೀಪಗಳು ಹಿಂದುಗಡೆ ಇರುವುದನ್ನು ತೋರಿಸಿ ಪಕ್ಕಕ್ಕೆ ತಳ್ಳಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ಕಿನದರತ್ತ ಬೆರಳು ಮಾಡಿದರು.

“ಅದು ಮಾಮೂಲಿ ಮಾಲು ಮೇಡಂ, ಇದು ಮಜಬೂತ್. ದೀಪ ಹಿಂದುಗಡೆ ಇದ್ರೇನು, ಮುಂದುಗಡೆ ಇದ್ರೇನು? ಕೆಲ್ಸ ಒಂದೇ ಅಲ್ವಾ?”

ನನ್ನ ಮೊಬೈಲಿನ ವಿಡಿಯೋದಲ್ಲಿ ಅಕ್ಕನ ಕೈಗಳನ್ನು ನೋಡುತ್ತಿದ್ದ ಚಿಕ್ಕಕ್ಕ ಮಂಚದಿಂದಲೇ ಕೂಗಿದರು. “ಮುಂದ್ಕೇ ಇರಬೇಕು ಕಣಣ್ಣ. ಸೂಜಿ ಮೇಲಿಂದ ತಲೆ ಎತ್ತದಂಗೆ ನಾನಿದೀನಿ ಅಂತ ಅವ್ಳಿಗೆ ಕಾಣಬೇಕಂತೆ.”

ಮುಂದೆ ದೀಪವಿರುವ ಸ್ವಿಚ್ಚೇ ಬಂತು. ಮಿಷನ್ನಿನ ಮಗ್ಗುಲಲ್ಲಿ, ಕಣ್ಣಂಚಿಗೆ ಬೀಳುವಂತೆ ಅದನ್ನು ಕೂರಿಸಿದರು. ಮೊದಲ ಕಿಂಡಿ ತಂಗಿಗೆ, ಎರಡನೆಯದು ತಮಗೆ, ಮೂರನೆಯದು ನನಗೆ. ಸಂಜೆ ಕೆಲಸದಿಂದ ಬಂದು ನಾನು ಕಂಪ್ಯೂಟರ್ ಹಾಕಿದರೆ ಕೆಳಗೆ ನನ್ನ ದೀಪ ಹೊತ್ತಿಕೊಳ್ಳುತ್ತಿತ್ತು, ಸ್ವಲ್ಪ ಹೊತ್ತಿಗೆ ಬಿಸಿ ರೊಟ್ಟಿ ಮೇಲೆ ಬರುತ್ತಿತ್ತು. ನನ್ನ ಬರವನ್ನು ಕಾಯುವವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಚಿಕ್ಕಕ್ಕ ಹೋದದ್ದು ಒಂದು ಮಧ್ಯಾಹ್ನ. ಪರದೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ಮೊದಲ ದೀಪ ಹಸಿರಾಗಿ ಮಿನುಗುತ್ತಲೇ ಇತ್ತು. ನಿದ್ದೆ ಮಾಡಲಿ ಎಂದುಕೊಂಡು ಟೈಲರಕ್ಕ ಹೊಲಿಯುತ್ತಾ ಕೂತರು. ದೀಪಕ್ಕೆ ಗೊತ್ತಿದ್ದದ್ದು ಕಂಪ್ಯೂಟರ್ ನಡೆಯುತ್ತಿದೆ ಎಂಬುದು ಮಾತ್ರ. ಸಂಜೆ ನಾನು ಬರುವಾಗ ಅವರು ತಂಗಿಗೆಂದು ಕಾಫಿ ಹಿಡಿದು ಒಳಗೆ ಹೋಗುತ್ತಿದ್ದರು. ಆಮೇಲೆ ಕೇಳಿದ ಸದ್ದು ಮಾತು ಬಾರದ ಗಂಟಲಿನದು. ಅದನ್ನು ಬರೆಯಲು ನನಗೆ ಬರುವುದಿಲ್ಲ.

ಮಿಷನ್ನಿಗೆ ಮುಸುಕು ಬಿತ್ತು. ಬಂದ ಗಿರಾಕಿಗಳು ಬಾಗಿಲಲ್ಲೇ ಕೈ ಆಡಿಸಿ ನೋಡಿ ಹಿಂದಿರುಗಿದರು. ನೋಡಲಾಗದೆ ನಾನು ಬೇರೆ ಮನೆ ಹುಡುಕಲೂ ಶುರು ಮಾಡಿದ್ದೆ. ಹಾಗಿರುವಾಗ ಒಂದು ಸಂಜೆ ಟೈಲರಕ್ಕ ನನ್ನ ಮಣಿಕಟ್ಟು ಹಿಡಿದು ಸ್ವಿಚ್ಚಿನ ಮುಂದೆ ನಿಲ್ಲಿಸಿದರು. ಮೊದಲ ಕಿಂಡಿಯಿಂದ ತಂಗಿಯ ವೈರನ್ನು ಕಿತ್ತರು. ಮೂರನೆಯದರಿಂದ ನನ್ನ ವೈರನ್ನು ಕಿತ್ತು ಅಲ್ಲಿಗೆ ಚುಚ್ಚಿದರು. ಆಮೇಲೆ ಚಿಕ್ಕಕ್ಕ ಮೊದಲು ಕೂರುತ್ತಿದ್ದ ಸ್ಟೂಲನ್ನು ಒರೆಸಿ, ಮಿಷನ್ನಿನ ಪಕ್ಕಕ್ಕೆ ಎಳೆದು, ನನ್ನನ್ನು ಕೂರಿಸಿದರು.

ದಿನವೂ ನೋಡಿ ನೋಡಿ ನನಗೆ ಅಷ್ಟಿಷ್ಟು ಕೈಸನ್ನೆ ಬರುತ್ತಿತ್ತು. ಮೊದಲು ಬಂದ ಗಿರಾಕಿಯ ಅಳತೆ ತೆಗೆದು ಟೈಲರಕ್ಕ ಏನೋ ತೋರಿಸಿದರು. “ಸೊಂಟ ದಪ್ಪ ಆಗೈತೆ ಅಂತಾರೆ ಕಣಮ್ಮ. ನಾನಲ್ಲ, ಅವರು,” ಎಂದೆ. ಆಕೆ ನಕ್ಕಳು. ಆ ನಗು ಕೇಳಿಸದಿದ್ದರೂ ಕಂಡಿತಲ್ಲ, ಟೈಲರಕ್ಕ ಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡು ಅತ್ತುಬಿಟ್ಟರು.

ಹೋದ ವರ್ಷ ಅವರೂ ತೀರಿಕೊಂಡರು. ಕೊನೆಯ ದಿನಗಳಲ್ಲೂ ಮಂಚದಿಂದ ಕಾಣುವ ಕಡೆಗೇ ಆ ಡಬ್ಬಿಯನ್ನು ಇಡಿಸಿಕೊಂಡಿದ್ದರು. ಅದೀಗ, ನಾನು ವರ್ಗವಾಗಿ ಬಂದಿರುವ ಪಾವಗಡದ ಮನೆಯಲ್ಲಿದೆ. ವೈರು ಇನ್ನೂ ಮೊದಲ ಕಿಂಡಿಯಲ್ಲೇ ಇದೆ. ಸಂಜೆ ಕೆಲಸದಿಂದ ಬಂದು ಕಂಪ್ಯೂಟರ್ ಹಾಕುತ್ತೇನೆ, ದೀಪ ಹೊತ್ತಿಕೊಳ್ಳುತ್ತದೆ. ನಾನು ಮನೆಗೆ ಬಂದೆ ಎಂದು ತಿಳಿದುಕೊಳ್ಳುವವರು ಯಾರೂ ಇಲ್ಲ.